ಅಕ್ಕೋರು ಎಬ್ಬಿಸಿದ ನಾಲ್ವರು

ಅಕ್ಕೋರಿಗೆ ಸೀಟಿ ಬೇಕಿರಲಿಲ್ಲ. ಬಲಗೈಯ ಎರಡು ಬೆರಳಿನಿಂದ ನಾಲಿಗೆಯ ತುದಿ ಮಡಿಸಿ ಊದಿದರೆಂದರೆ ಕುತ್ತಿಗೆಯ ನರಗಳು ಹಗ್ಗದ ಹಾಗೆ ಎದ್ದು ನಿಲ್ಲುತ್ತಿದ್ದವು, ನಮ್ಮ ಮೂರಂತಸ್ತಿನ ಕಟ್ಟಡದ ಪಾರಿವಾಳಗಳೆಲ್ಲ ಒಟ್ಟಿಗೆ ಹಾರುತ್ತಿದ್ದವು. ಎಪ್ಪತ್ತೊಂದರ ಹೆಂಗಸು. ಹತ್ತಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಸೀಮೆಸುಣ್ಣ ಬಳಿದ ಬಿಳಿ ಕ್ಯಾನ್ವಾಸ್ ಬೂಟು ತೊಟ್ಟು, ಬೆಳಿಗ್ಗೆ ಆರಕ್ಕೆ ಸರಿಯಾಗಿ ಕೆಳಗಿನ ಪಾರ್ಕಿಂಗಿನಲ್ಲಿ ನಿಂತಿರುತ್ತಿದ್ದರು. ಪ್ರತಾಪ ನಗರದಂಥ ಸಭ್ಯರ ಬಡಾವಣೆಯಲ್ಲಿ ಆ ಶಿಳ್ಳೆ ಕೇಳಿ ಮೊದಲ ವಾರ ಇಬ್ಬರು ಕಿಟಕಿ ತೆಗೆದು ಬೈದರು. ಮೂರನೆಯ ವಾರದ ಹೊತ್ತಿಗೆ ಅದೇ ಇಬ್ಬರು ಅದನ್ನೇ ಅಲಾರಂ ಮಾಡಿಕೊಂಡಿದ್ದರು.

ಅವರು ಬೆಳಗಾವಿ ಕಡೆಯವರು. ಮದುವೆಯಾಗಿ ನಾಗಪುರಕ್ಕೆ ಬಂದು, ಇಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತೈದು ವರ್ಷ ಪಿ.ಟಿ. ಟೀಚರಾಗಿ ಖೋ ಖೋ ಆಡಿಸಿ ನಿವೃತ್ತರಾದವರು. ಅವರ ಕಡೆ ಟೀಚರಮ್ಮನಿಗೆ ಅಕ್ಕೋರು ಅನ್ನುವುದು ರೂಢಿ. ನಾನು ಮೈಸೂರು ಕಡೆಯವನು, ಮೊದಮೊದಲು ಮೇಡಂ ಅಂದೆ. "ಮೇಡಂ ಅಂದ್ರ ಬ್ಯಾಂಕಿನ್ಯಾಗ ಪಾಳಿ ಹಚ್ಚಿ ನಿಂತಂಗ ಆಗ್ತೈತ್ರಿ. ಅಕ್ಕೋರ ಅನ್ರಿ ಸಾಕು" ಅಂದರು. ಅಂದಿನಿಂದ ನನಗೂ ಅಕ್ಕೋರೇ.

ನಾನು ಯಾರೆಂದು ಹೇಳದೆ ಅವರ ವಿಷಯ ಹೇಳಲಾಗುವುದಿಲ್ಲ. ಇಲ್ಲಿನ ಆರ್ಡ್ನೆನ್ಸ್ ಫ್ಯಾಕ್ಟರಿಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಇಡೀ ಆಯುಷ್ಯ ಗೇಜ್ ಹಿಡಿದು ಕಬ್ಬಿಣದ ಬಿಡಿಭಾಗ ಅಳೆದವನು ನಾನು. ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ರಿಜೆಕ್ಟ್ ಅಂತ ಕೆಂಪು ಮುದ್ರೆ ಒತ್ತುತ್ತಿದ್ದೆ. ಅರವತ್ತೈದಕ್ಕೆ ಪ್ರೋಸ್ಟೇಟ್ ಕ್ಯಾನ್ಸರ್ ಅಂತ ಗೊತ್ತಾದಾಗ ಆ ಮುದ್ರೆ ನನ್ನ ಮೇಲೇ ಬಿದ್ದಂತಾಯಿತು. ಈ ರೋಗಕ್ಕೆ ಗಂಡಸಿನ ಹಾರ್ಮೋನೇ ಮೇವು. ಮೂರು ತಿಂಗಳಿಗೊಂದು ಇಂಜೆಕ್ಷನ್ ಕೊಟ್ಟು ಆ ಮೇವನ್ನು ನಿಲ್ಲಿಸುತ್ತಾರೆ. ರೋಗ ಸೊರಗುತ್ತದೆ, ಜೊತೆಗೆ ಗಂಡಸೂ ಸೊರಗುತ್ತಾನೆ. ನನ್ನ ತೊಡೆಯ ಮಾಂಸ ಕರಗಿತು, ಹೊಟ್ಟೆಯ ಸುತ್ತ ಬೊಜ್ಜು ಬಂತು, ಎದೆ ಹೆಂಗಸರ ಹಾಗೆ ತುಂಬಿಕೊಂಡಿತು. ಚಳಿಯಲ್ಲೂ ಇದ್ದಕ್ಕಿದ್ದಂತೆ ಮೈಗೆ ಬೆಂಕಿ ಹತ್ತಿದಂತಾಗಿ ಬೆವರು ಸುರಿಯುತ್ತಿತ್ತು. ಕಾರಣವಿಲ್ಲದೆ ಅಳು ಬರುತ್ತಿತ್ತು. ಟೀವಿಯಲ್ಲಿ ಸೋಪಿನ ಜಾಹೀರಾತು ನೋಡಿ ಅತ್ತಿದ್ದೇನೆ. ಗಂಡಹೆಂಡಿರ ನಡುವಿನದು ಬೇರೆ ಮಾತು, ಅದನ್ನು ಇಲ್ಲಿ ಬರೆಯುವುದಿಲ್ಲ. ಆಸ್ಪತ್ರೆಯ ಡಾಕ್ಟರು ಪ್ರತಿ ಸಲವೂ "ವ್ಯಾಯಾಮ ಮಾಡಿ, ಮೂಳೆ ಸವೆಯುತ್ತೆ, ಸ್ನಾಯು ಉಳಿಸಿಕೊಳ್ಳಿ" ಅನ್ನುತ್ತಿದ್ದರು. ಎಲ್ಲ ಡಾಕ್ಟರೂ ಎಲ್ಲರಿಗೂ ಹೇಳುವ ಮಾತೆಂದು ನಾನು ತಲೆಯಾಡಿಸಿ ಬರುತ್ತಿದ್ದೆ.

ಆ ವರ್ಷ ಗಣಪತಿ ಪೂಜೆಗೆ ಮಣೆಯ ಮೇಲೆ ಕೂತವನು ಮಂಗಳಾರತಿಗೆ ಏಳಲು ಹೋದೆ, ಆಗಲಿಲ್ಲ. ಮಗ್ಗುಲಿಗೆ ಉರುಳಿದೆ, ಬೀರುವಿನ ಹಿಡಿ ಹಿಡಿದೆ, ಮಂಡಿಯೂರಿದೆ. ಕೊನೆಗೆ ಹೆಂಡತಿ ಒಂದು ಕೈ, ಮಗಳು ಒಂದು ಕೈ ಹಿಡಿದು ಎಳೆದು ನಿಲ್ಲಿಸಿದರು. ಮುಂದಿನ ಮೇ ತಿಂಗಳಿಗೆ ಮಗಳ ಮದುವೆ ನಿಶ್ಚಯವಾಗಿತ್ತು. ನಮ್ಮ ಪದ್ಧತಿಯಲ್ಲಿ ಹುಡುಗಿಯ ತಂದೆ ಮಣೆಯ ಮೇಲೆ ಕೂತು ವರಪೂಜೆ ಮಾಡಿ, ಆಮೇಲೆ ಎದ್ದು ನಿಂತು ಧಾರೆ ಎರೆಯಬೇಕು. "ಕುರ್ಚಿ ಹಾಕ್ಸೋಣ ಅಪ್ಪಾ, ಆಜ್‌ಕಲ್ ಸಬ್ ಚಲ್ತಾ ಹೈ" ಅಂದಳು ಮಗಳು. ನಾನು ಬೇಡವೆಂದೆ. ಬೀಗರಿಗೆ ರೋಗದ ವಿಷಯ ಮೊದಲೇ ಹೇಳಿದ್ದೆವು, ಮುಚ್ಚಿಡುವುದು ಏನೂ ಇರಲಿಲ್ಲ. ಆದರೆ ಇರುವ ಒಬ್ಬಳೇ ಮಗಳನ್ನು ಧಾರೆ ಎರೆಯುವಾಗ ನನ್ನನ್ನು ಇಬ್ಬರು ಮೂಟೆಯ ಹಾಗೆ ಎತ್ತಿ ನಿಲ್ಲಿಸಬಾರದು. ನನ್ನ ಕಾಲ ಮೇಲೆ ನಾನೇ ಏಳಬೇಕು. ನನಗೆ ಆಗ ಬೇಕಿದ್ದದ್ದು ಅದೊಂದೇ, ಮತ್ತು ಅದು ಆಗುವುದಿಲ್ಲವೆಂದು ಒಳಗೊಳಗೇ ಗೊತ್ತಿತ್ತು.

ಡಿಸೆಂಬರಿನ ಒಂದು ಬೆಳಿಗ್ಗೆ. ಊರೆಲ್ಲ ಮಫ್ಲರ್ ಸುತ್ತಿಕೊಂಡಿದ್ದ ಚಳಿ. ನಾನು ಮಾತ್ರ ಹಾಲಿನ ಪ್ಯಾಕೆಟ್ ಕಂಕುಳಲ್ಲಿಟ್ಟುಕೊಂಡು, ಮೆಟ್ಟಿಲ ಮೇಲೆ ಬನಿಯನ್ನಿನಲ್ಲಿ ನಿಂತು, ಕಳಚಿದ ಸ್ವೆಟರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದೆ. ನೆಲಮಹಡಿಯ ಬಾಗಿಲು ತೆರೆದು ಅಕ್ಕೋರು ಹೊರಬಂದರು. ಅದುವರೆಗೆ ನಮ್ಮದು ನಮಸ್ಕಾರದಷ್ಟೇ ಪರಿಚಯ. ಮೇಲಿಂದ ಕೆಳಗೆ ಒಮ್ಮೆ ನೋಡಿದರು.

"ಎಷ್ಟನೇ ಇಂಜೆಕ್ಷನ್ ರೀ ಸಾಹೇಬ್ರ?"

ಹಾಲು ಬೀಳುವುದೊಂದು ಬಾಕಿ. "ಏನಿಲ್ಲ ಮೇಡಂ, ಮೆಟ್ಟಿಲು ಹತ್ತಿದ್ದಕ್ಕೆ..." ಅಂದೆ.

"ನಾಕ ಪಾವಟಿಗಿ ಹತ್ತಿದ್ದಕ್ಕ ಇಷ್ಟ ಬೆವರು ಬರೂದಿಲ್ಲ ಬಿಡ್ರಿ. ನಮ್ಮ ಮನಿಯವ್ರಿಗೂ ಅದ ಇಂಜೆಕ್ಷನ್ ಇತ್ತು, ನಂಗ ಗುರ್ತು ಸಿಗ್ತೈತಿ." ಆಮೇಲೆ ಜೋರಾಗಿ ನಕ್ಕರು. "ಈ ಬೆಂಕಿ ನಮಗ ಹೆಂಗಸ್ರಿಗೆಲ್ಲಾ ಐವತ್ತರಾಗ ಬಂದಿತ್ತು. ಯಾರರ ರಜಾ ಕೊಟ್ರೇನು? ಬೆವರಕೋತ ಗ್ರೌಂಡಿನ್ಯಾಗ ನಿಂತು ಹುಡುಗ್ಯಾರನ್ನ ಓಡಿಸೀನಿ. ಈಗ ನಿಮ್ಮ ಪಾಳಿ ಬಂದೈತಿ, ಅನುಭವಿಸ್ರಿ!"

ಮೇಲೆ ನಮ್ಮ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಕಿಸಕ್ಕನೆ ನಕ್ಕುಬಿಟ್ಟಳು. ಎಷ್ಟೋ ತಿಂಗಳ ಮೇಲೆ ನಮ್ಮ ಮನೆಯಲ್ಲಿ ಕೇಳಿದ ನಗು ಅದು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಯಾವುದರಿಂದ ನನ್ನ ಗಂಡಸುತನವೇ ಮಣ್ಣುಪಾಲಾಯಿತೆಂದು ಬಾಯಿ ಹೊಲಿದುಕೊಂಡಿದ್ದೆನೋ, ಅದನ್ನು ಈಕೆ ನೆರೆಹೊರೆಯ ಹೆಂಗಸರೆಲ್ಲ ಸದ್ದಿಲ್ಲದೆ ದಾಟಿ ಬಂದ ಸಾಧಾರಣ ಸಂಗತಿ ಮಾಡಿಬಿಟ್ಟಿದ್ದರು.

ಅಲ್ಲೇ ಮೆಟ್ಟಿಲ ಮೇಲೆ ಮಣೆಯ ಕಥೆ ಹೇಳಿದೆ. ಕೇಳಿದವರು ಬೆರಳೆಣಿಸಿ, "ಮೇಕ್ಕ ಇನ್ನೂ ಐದ ತಿಂಗಳ ಐತಿ. ಬರೋಬರ್ ಆಗ್ತೈತಿ. ಆದ್ರ ಮೊದಲ ಡಾಕ್ಟರ್ ಕಡಿಂದ ಚೀಟಿ ತರ್ರಿ, ನಿಮ್ಮ ಎಲುಬು ಹೆಂಗ ಅದಾವ ಬರಸ್ಕೊಂಡ ಬರ್ರಿ. ಚೀಟಿ ಇಲ್ದ ನಾ ಯಾರಿಗೂ ಒಂದ ಹೆಜ್ಜಿ ಹಾಕ್ಸೂದಿಲ್ಲ" ಅಂದರು. ಇನ್ನೊಂದು ಅಪ್ಪಣೆಯೂ ಆಯಿತು. "ಖೋ ಖೋ ಒಬ್ಬರ ಆಟ ಅಲ್ಲ. ಅಲ್ಲೆ ಇಂಜೆಕ್ಷನ್ ಪಾಳಿಯೊಳಗ ನಿಮ್ಮಂಗ ಮುಖ ಕೆಳಗ ಹಾಕ್ಕೊಂಡ ಕುಂತಿರ್ತಾರಲ್ಲ, ಅವ್ರನ್ನೂ ಕರಕೊಂಡ ಬರ್ರಿ."

ಹಾಗೆ ಕೂತಿರುತ್ತಿದ್ದವರು ನಿಜಕ್ಕೂ ಇದ್ದರು. ಒಂದೇ ಬೆಂಚಿನ ಮೇಲೆ ಕೂತು, ಒಬ್ಬರನ್ನೊಬ್ಬರು ನೋಡಿಯೂ ನೋಡದಂತೆ ಪೇಪರ್ ಓದುತ್ತಿದ್ದೆವು. ಮುಂದಿನ ಸಲ ನಾನೇ ಬಾಯಿಬಿಟ್ಟೆ. ಮೂವರು ಸಿಕ್ಕರು. ಒಬ್ಬರು ಹುಬ್ಬಳ್ಳಿಯಿಂದ ವರ್ಗವಾಗಿ ಬಂದು ಇಲ್ಲೇ ನಿಂತ ರೈಲ್ವೆ ಗಾರ್ಡು. ಇನ್ನೊಬ್ಬರು ಊರಿನ ಸದರ್ ಪೇಟೆಯಲ್ಲಿ ಅಂಗಡಿಯಿದ್ದ ಟೇಲರು, ಸ್ಕೂಟರಿನಲ್ಲಿ ಬರುತ್ತಿದ್ದರು. ಮೂರನೆಯವರು ಉಮರೇಡಿನ ಕಲ್ಲಿದ್ದಲ ಗಣಿಯಲ್ಲಿ ದುಡಿದು, ಈಗ ನಮ್ಮ ಪಕ್ಕದ ರಸ್ತೆಯ ಮಗನ ಮನೆಯಲ್ಲಿದ್ದ ಮರಾಠಿ ಕಾಕಾ. ಕಾಕಾನ ರೋಗ ಮೂಳೆಗೂ ತಗುಲಿತ್ತು. ಅವರ ಚೀಟಿಯಲ್ಲಿ ಡಾಕ್ಟರು ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ, ನಡಿಗೆ ಮತ್ತು ಕುರ್ಚಿಯ ವ್ಯಾಯಾಮ ಮಾತ್ರ ಎಂದು ಬರೆದಿದ್ದರು. ಅಕ್ಕೋರು ಅದನ್ನು ಎರಡು ಸಲ ಓದಿ ಮಡಿಸಿ ಪರ್ಸಿನಲ್ಲಿಟ್ಟುಕೊಂಡರು. ಕೊನೆಯವರೆಗೂ ಅವರಿಗೆ ಒಂದು ಚೊಂಬು ನೀರು ಎತ್ತಲೂ ಬಿಡಲಿಲ್ಲ.

ಮೊದಲ ದಿನ ಪಾರ್ಕಿಂಗಿನಲ್ಲಿ ಸೀಮೆಸುಣ್ಣದ ಗೆರೆ ಎಳೆದು ನಾಲ್ಕು ಕುರ್ಚಿ ಇಟ್ಟರು. ಒಂದರ ಮುಖ ಗೇಟಿನ ಕಡೆಗೆ, ಮುಂದಿನದರದು ಗೋಡೆ ಕಡೆಗೆ. ಖೋ ಖೋ ಸಾಲು ಕೂರುವುದೇ ಹಾಗೆ. ಅಕ್ಕೋರು ಹಿಂದಿನಿಂದ ನಡೆದು ಬಂದು ಯಾರದೋ ಬೆನ್ನು ತಟ್ಟಿ "ಖೋ!" ಅನ್ನುತ್ತಾರೆ. ತಟ್ಟಿಸಿಕೊಂಡವನು ಕೈ ಊರದೆ ಎದ್ದು, ಕೊನೆಯ ಕಂಬ ಮುಟ್ಟಿ ಬಂದು ಕೂರಬೇಕು. ಯಾರ ಸರದಿ ಯಾವಾಗ ಎಂದು ಗೊತ್ತಾಗದಿರುವುದೇ ಅದರ ಮಜಾ. ಮೂರನೆಯ ಖೋಗೆ ನನ್ನ ತೊಡೆಗಳು ನಡುಗಿದವು. ಗಾರ್ಡು ಎದ್ದವರು ಕಂಬವನ್ನೇ ತಬ್ಬಿಕೊಂಡು ನಿಂತರು. "ತಬ್ಬಕೋಬ್ಯಾಡ್ರಿ, ಅದ ಬಿಲ್ಡಿಂಗ್ ಹೊತ್ತೈತಿ. ನಿಮ್ಮನ್ನೂ ಹೊರೂದು ಆಗೂದಿಲ್ಲ" ಅಂದರು ಅಕ್ಕೋರು. ಟೇಲರು ನಕ್ಕು ನಕ್ಕು ಕೂತಲ್ಲೇ ಸುಸ್ತಾದರು.

ತಿಂಗಳಿಗೊಮ್ಮೆ ಆಸನ ತಗ್ಗುತ್ತಾ ಹೋಯಿತು. ಕುರ್ಚಿ ಹೋಗಿ ಸ್ಟೂಲು ಬಂತು, ಸ್ಟೂಲು ಹೋಗಿ ಬಚ್ಚಲಿನ ಪ್ಲಾಸ್ಟಿಕ್ ಪೀಠ ಬಂತು. ಕಾಕಾ ಮಾತ್ರ ಕುರ್ಚಿಯಲ್ಲೇ ಉಳಿದು, ಎಲ್ಲರಿಗಿಂತ ಎತ್ತರದಲ್ಲಿ ಮಹಾರಾಜರ ಹಾಗೆ ಕೂತು ನಮ್ಮನ್ನು ಆಡಿಸುತ್ತಿದ್ದರು. ವಾರದ ಸಂತೆಗೆ ಹೆಂಡತಿಯರ ಬದಲು, ಕಾಕಾನನ್ನು ಬಿಟ್ಟು ನಾವು ಮೂವರೇ ಹೋಗಿ, ಎರಡೂ ಕೈಯಲ್ಲಿ ಸಮ ತೂಕದ ಚೀಲ ಹಿಡಿದು ನಡೆದು ಬರಬೇಕೆಂಬ ನಿಯಮ ಬಂತು. ಗೇಜ್ ಹಿಡಿದ ಕೈ ನನ್ನದು, ಸಮ ಅಂದರೆ ಸಮ. ಈ ಚೀಲದ ಬದನೆಕಾಯಿ ಆ ಚೀಲಕ್ಕೆ, ಆ ಚೀಲದ ಆಲೂಗಡ್ಡೆ ಈ ಚೀಲಕ್ಕೆ ಹಾಕುತ್ತಾ ನಾನು ಸಂತೆಯ ನಡುವೆ ಕೂತರೆ, ಉಳಿದವರು ಅಷ್ಟರಲ್ಲಿ ಮನೆ ಸೇರಿ ಚಹಾ ಕುಡಿದಿರುತ್ತಿದ್ದರು.

ಬೆಂಕಿ ಹತ್ತುವುದಕ್ಕೂ ಒಂದು ವ್ಯವಸ್ಥೆಯಾಯಿತು. ಯಾರಿಗಾದರೂ ಮೈ ಬಿಸಿಯಾದರೆ ಗಾರ್ಡು ಜೇಬಿನಿಂದ ಹಸಿರು ಕರವಸ್ತ್ರ ತೆಗೆದು ಬೀಸಿ, "ಗಾಡಿ ಬಂತು ನೋಡ್ರಿ!" ಎಂದು ಕೂಗುತ್ತಿದ್ದರು. ಎಲ್ಲರೂ ಅವನ ಸುತ್ತ ನಿಂತು ಪೇಪರಿನಿಂದ ಗಾಳಿ ಹಾಕುವುದು, ಅವನು ಕಣ್ಣು ಮುಚ್ಚಿ ನಿಲ್ಲುವುದು. ನಿಮಿಷವಾದ ಮೇಲೆ ಅಕ್ಕೋರ ಶಿಳ್ಳೆ. ಎದೆ ತುಂಬಿಕೊಂಡಿದ್ದಕ್ಕೆ ನಾನು ಸಂಕೋಚಪಟ್ಟು ಶಾಲು ಹೊದೆದು ಬರುವುದನ್ನು ನೋಡಿ, ಟೇಲರು ಕೇಳದೆಯೇ ನಾಲ್ವರಿಗೂ ಎದೆಯ ಮೇಲೆ ಎರಡು ದೊಡ್ಡ ಜೇಬಿರುವ ಸಡಿಲ ಅಂಗಿ ಹೊಲಿದು ತಂದರು. ಆ ಅಂಗಿ ತೊಟ್ಟು ಸಾಲಾಗಿ ನಿಂತರೆ ನಾವು ಯಾವುದೋ ಊರಿನ ಬ್ಯಾಂಡ್ ಸೆಟ್ಟಿನವರ ಹಾಗೆ ಕಾಣುತ್ತಿದ್ದೆವು. ಎಷ್ಟು ನಕ್ಕಿದ್ದೇವೆಂದರೆ, ಕ್ಯಾನ್ಸರ್ ಬಂದ ಮೇಲೆ ನನಗೆ ಇಷ್ಟು ಖುಷಿಯ ಬೆಳಗುಗಳು ಸಿಕ್ಕವೆಂದು ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೇ ಆಗುತ್ತದೆ.

ಅಕ್ಕೋರು ನಗುವುದನ್ನು ನಿಲ್ಲಿಸಿದ್ದನ್ನು ಒಂದೇ ಸಲ ನೋಡಿದೆ, ಅದಕ್ಕೆ ಕಾರಣ ನಾನು. ಮನೆಯಲ್ಲಿ ಮಾಡುವ ವ್ಯಾಯಾಮಕ್ಕೆ ಅವರು ಒಬ್ಬೊಬ್ಬರಿಗೂ ಒಂದು ಕಾರ್ಡು ಕೊಟ್ಟಿದ್ದರು. ಸೋಮವಾರದಿಂದ ಭಾನುವಾರದವರೆಗೆ ಏಳು ಮನೆ; ಮಾಡಿದ ದಿನ ಗುರುತು ಹಾಕಬೇಕು. ನಮ್ಮ ಫ್ಯಾಕ್ಟರಿಯಲ್ಲಿ ಯಂತ್ರಗಳ ದಿನಗುರುತಿನ ಪಟ್ಟಿಗೆ ಕೆಲವರು ಸೋಮವಾರವೇ ಇಡೀ ವಾರದ ಸಹಿ ಹಾಕಿ ನಿಶ್ಚಿಂತರಾಗುತ್ತಿದ್ದರು. ಹಾಗೆ ಮಾಡಿದವರನ್ನು ಹಿಡಿದು ಬೈದವನು ನಾನೇ. ಆದರೂ ಒಂದು ವಾರ, ಸೋಮಾರಿತನವೋ ಏನೋ, ಕೈ ತಾನಾಗಿ ಅದೇ ದಾರಿ ಹಿಡಿಯಿತು. ಅಕ್ಕೋರು ಕಾರ್ಡು ತಿರುಗಿಸಿ ನೋಡಿದರು.

"ಸಾಹೇಬ್ರ, ಇವತ್ತ ಗುರುವಾರ ಅಲ್ರಿ? ರವಿವಾರದ್ದ ಆಗಲೇ ಮುಗಿಸೀರಲ್ಲ!"

ಮೂವರೂ ಹೋ ಎಂದು ನಕ್ಕರು. ಅಕ್ಕೋರು ನಗಲಿಲ್ಲ. ಕಾರ್ಡು ನನ್ನ ಕೈಗಿಟ್ಟು, ಉಳಿದವರು ಹೋದ ಮೇಲೆ ಮೆಟ್ಟಿಲ ಮೇಲೆ ಕೂತು, ಪಕ್ಕದಲ್ಲಿ ಕೂರಲು ಹೇಳಿದರು.

"ನಮ್ಮ ಮನಿಯವ್ರಿಗೆ ಇಂಜೆಕ್ಷನ್ ಚಾಲೂ ಆದಾಗ ನಾ ಏನ ಮಾಡಿದ್ನಿ ಗೊತ್ತೈತೇನ್ರಿ? ಕುರ್ಚಿ ಬಿಟ್ಟ ಏಳಾಕ ಕೊಡ್ಲಿಲ್ಲ. ಚಾ ಕೈಯಾಗ, ಊಟ ಕೈಯಾಗ, ಚಪ್ಪಲಿ ಕಾಲಾಗ. ಪಾಪ, ದಣಿತಾರ ಅಂತ. ಊರ ಹುಡುಗ್ಯಾರನ್ನೆಲ್ಲಾ ಓಡಿಸಿದಾಕಿ, ನನ್ನ ಗಂಡನ್ನ ಕುರ್ಚಿ ಮ್ಯಾಲ ಕುಂಡ್ರಿಸಿ ಇಟ್ಟೆ. ಎರಡ ವರ್ಷಕ್ಕ ಕಾಲ ಕಡ್ಡಿ ಆದ್ವು. ಬಚ್ಚಲದಾಗ ಬಿದ್ದು ಸೊಂಟದ ಎಲುಬು ಮುರೀತು, ಮತ್ತ ಏಳಲೇ ಇಲ್ಲ. ಕ್ಯಾನ್ಸರ್ ಅಲ್ರಿ ಅವರನ್ನ ಒಯ್ದದ್ದು. ನನ್ನ ಪ್ರೀತಿ ಒಯ್ತು."

ಅವರು ಮೊಣಕಾಲು ತಟ್ಟಿಕೊಂಡು ಎದ್ದರು. "ನೀವು ಕಾರ್ಡಿನ್ಯಾಗ ಸುಳ್ಳ ಬರದ್ರ ನಂಗ ಏನೂ ಲುಕ್ಸಾನ್ ಇಲ್ಲ. ಖೋ ಅಂದಾಗ ಗೊತ್ತಾಗೇ ಆಗ್ತೈತಿ" ಅಂದು ಒಳಗೆ ಹೋದರು. ಮನೆಗೆ ಹೋಗಿ ಹೆಂಡತಿಗೆ ಈ ಮಾತು ಹೇಳಿದೆ. ಅವಳು ಅಂದಿನಿಂದ ನನ್ನ ಚಹಾ ಲೋಟವನ್ನು ಅಡುಗೆಮನೆಯ ಕಟ್ಟೆಯ ಮೇಲೇ ಬಿಟ್ಟಳು. ಬೇಕಾದರೆ ಎದ್ದು ಬನ್ನಿ ಅಂದಳು. ಮುಂದೆ ಆ ಕಾರ್ಡಿನಲ್ಲಿ ಒಂದೂ ಸುಳ್ಳು ಗುರುತು ಬೀಳಲಿಲ್ಲ.

ಮೇ ತಿಂಗಳ ಮದುವೆ. ಛತ್ರದ ಮೂಲೆಮೂಲೆಗೆ ಇಟ್ಟ ಕೂಲರುಗಳ ಗದ್ದಲದಲ್ಲಿ ಪುರೋಹಿತರ ಮಂತ್ರ ಅರ್ಧ ಕೇಳುತ್ತಿತ್ತು, ಅರ್ಧ ಇಲ್ಲ. ಮುಂದಿನ ಸಾಲಿನಲ್ಲಿ ಅಕ್ಕೋರು ರೇಷ್ಮೆ ಇಳಕಲ್ ಸೀರೆ ಉಟ್ಟು ಕೂತಿದ್ದರು, ಅವರ ಹಿಂದೆ ನಮ್ಮ ಬ್ಯಾಂಡ್ ಸೆಟ್ಟಿನ ಮೂವರು. ವರಪೂಜೆ ಮುಗಿಯುವ ಹೊತ್ತಿಗೆ ನಾನು ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮುಕ್ಕಾಲು ಗಂಟೆಯಾಗಿತ್ತು. ಕಾಲು ಜೋಮು ಹಿಡಿದಿತ್ತು. ಸಾಲದ್ದಕ್ಕೆ ಮೈಗೆ ಬೆಂಕಿಯೂ ಹತ್ತಿತು. ಪುರೋಹಿತರು "ಏಳಬೇಕು ಯಜಮಾನರು, ಧಾರೆಗೆ" ಅಂದರು. ಪಕ್ಕದಲ್ಲಿ ಹೆಂಡತಿ ಎದ್ದಳು. ಭಾವಮೈದುನ ಬಗ್ಗಿ ಎರಡೂ ಕೈ ಚಾಚಿದ. ಮಗಳು ಬಾಸಿಂಗದ ಅಡಿಯಿಂದ ನನ್ನನ್ನೇ ನೋಡುತ್ತಿದ್ದಳು. ಒಂದು ಗಳಿಗೆ ನನ್ನ ಕೈ ತಾನಾಗಿ ಅವನ ಕೈಯ ಕಡೆಗೆ ಹೊರಟಿತು.

"ಖೋ!"

ಮೊದಲು ಕೂಗಿದ್ದು ಗಣಿಯ ಕಾಕಾ. ಹಿಂದೆಯೇ ಗಾರ್ಡು, ಟೇಲರು. ಕೂಲರುಗಳ ಸದ್ದನ್ನೂ ಮೀರಿ ಛತ್ರವೆಲ್ಲ ಮೊಳಗಿತು. ಪುರೋಹಿತರು ಬೆಚ್ಚಿಬಿದ್ದು ಮಂತ್ರ ಮರೆತರು. ಬೀಗರ ಕಡೆಯವರೆಲ್ಲ ಖೋ ಖೋ ನೋಡಿ ಬೆಳೆದವರೇ, ಏನು ಎತ್ತ ತಿಳಿಯದಿದ್ದರೂ ಚಪ್ಪಾಳೆ ಹೊಡೆದರು. ಅಷ್ಟರಲ್ಲಿ ನಾನು ಎದ್ದು ನಿಂತಾಗಿತ್ತು. ಹೇಗೆ ಎದ್ದೆನೆಂದು ನನಗೆ ನೆನಪಿಲ್ಲ. ಮಗಳು ನಗುತ್ತಾ ಅಳುತ್ತಿದ್ದಳು, ಅವಳ ಕೈಯ ಮೇಲೆ ನೀರು ಬಿಟ್ಟೆ. ನನ್ನ ಬದುಕಿನಲ್ಲಿ ಅಷ್ಟು ಸಂತೋಷದ ಗಳಿಗೆ ಮತ್ತೊಂದಿಲ್ಲ.

ಊಟದ ಪಂಕ್ತಿಯಲ್ಲಿ ಅಕ್ಕೋರ ಹತ್ತಿರ ಹೋಗಿ ಕೈಮುಗಿದೆ. ಹೊಗಳುತ್ತಾರೆಂದು ಆಸೆಯಿತ್ತು. "ಎಡಗಾಲ ಸ್ವಲ್ಪ ತಡಾ ಮಾಡ್ತು. ನಾಳೆ ಆರಕ್ಕ ಬರ್ರಿ" ಅಂದು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು.

ಅದಾದ ಮೇಲೂ ಎರಡು ವರ್ಷ ನಮ್ಮ ಸಾಲು ನಡೆಯಿತು. ನನ್ನ ಇಂಜೆಕ್ಷನ್ ಮುಗಿಯಿತು; ಉಳಿದ ಮೂವರಿಗೂ ಇನ್ನೂ ಇದೆ. ರೋಗವನ್ನು ಹಿಡಿದಿಟ್ಟದ್ದು ಔಷಧ, ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನನ್ನು ಹಿಡಿದಿಟ್ಟದ್ದು ಅಕ್ಕೋರು.

ಈ ಫೆಬ್ರವರಿಯಲ್ಲಿ ಅವರಿಗೆ ಜ್ವರ ಬಂತು. ನಾಲ್ಕು ದಿನ ಮಲಗಿದರು, ಐದನೆಯ ದಿನ ಏಳಲಿಲ್ಲ. ಮಕ್ಕಳಿರಲಿಲ್ಲ, ಬೆಳಗಾವಿಯಿಂದ ಅಣ್ಣನ ಮಗ ಬಂದ. ಎಲ್ಲೆಲ್ಲಿಂದಲೋ ಹಳೆಯ ವಿದ್ಯಾರ್ಥಿನಿಯರು ಬಂದು ಪಾರ್ಕಿಂಗ್ ತುಂಬಿದರು, ಐವತ್ತು ಅರವತ್ತರ ಹೆಂಗಸರು, ಒಬ್ಬೊಬ್ಬರೂ ಬೆನ್ನು ನೆಟ್ಟಗೆ ನಿಂತಿದ್ದರು. ಶವವಾಹನ ಗೇಟಿಗೆ ಬಂದು ನಿಂತಿತು. ಗಾರ್ಡು ಡ್ರೈವರನ ಹತ್ತಿರ ಹೋಗಿ, "ಗಾಡಿ ಹಿಂದ ಬರಲಿ. ಇವರನ್ನ ನಾವು ನಡ್ಕೊಂಡ ಒಯ್ತೀವಿ" ಅಂದರು. ಸ್ಮಶಾನ ಮುಕ್ಕಾಲು ಕಿಲೋಮೀಟರು. ಅಣ್ಣನ ಮಗ ಮಡಕೆ ಹಿಡಿದು ಮುಂದೆ ನಡೆದ. ಚಟ್ಟದ ಮುಂದಿನ ಎರಡು ಕೊನೆಗೆ ಗಾರ್ಡು ಮತ್ತು ನಾನು, ಹಿಂದೆ ಟೇಲರು ಮತ್ತು ಅಕ್ಕೋರ ಹಳೆಯ ಖೋ ಖೋ ತಂಡದ ನಾಯಕಿ ಹೆಗಲು ಕೊಟ್ಟೆವು. ಕಾಕಾ ಹೆಗಲು ಕೊಡಲಿಲ್ಲ. ಭಾರ ಎತ್ತಬಾರದೆಂಬ ಅಕ್ಕೋರ ಅಪ್ಪಣೆಯನ್ನು ಅವತ್ತೂ ಮೀರದೆ, ಪಕ್ಕದಲ್ಲಿ ಬರಿಗೈಲಿ ನಡೆಯುತ್ತಾ ಬಿಕ್ಕಿ ಬಿಕ್ಕಿ ಅತ್ತರು.

ಇಲ್ಲಿಯವರ ಪದ್ಧತಿಯಲ್ಲಿ ಅರ್ಧ ದಾರಿಗೆ ಚಟ್ಟವನ್ನು ನೆಲಕ್ಕಿಳಿಸಿ, ಪ್ರದಕ್ಷಿಣೆ ಬಂದು, ಮತ್ತೆ ಎತ್ತಬೇಕು. ರಸ್ತೆಯ ತಿರುವಿನ ಬೇವಿನ ಮರದ ಕೆಳಗೆ ಇಳಿಸಿದೆವು. ಓಣಿಯ ಹುಡುಗರು ನಾಲ್ಕೈದು ಜನ ಮುಂದೆ ಬಂದು, ಹೊತ್ತಿದ್ದ ನಮ್ಮ ಕಡೆ ತಿರುಗಿ, "ಕಾಕಾ, ಆತಾ ಆಮ್ಹೀ ಘೇತೋ, ತುಮ್ಹೀ ರಾಹೂ ದ್ಯಾ" ಅಂದರು. ಇನ್ನು ನಾವು ಹೊರುತ್ತೇವೆ, ನೀವು ಬಿಡಿ ಅಂತ. ವಯಸ್ಸಾದವರು, ಕಾಯಿಲೆಯವರು, ನೆಲದಿಂದ ಎತ್ತುವುದು ಆಗಲಿಕ್ಕಿಲ್ಲ ಅಂದುಕೊಂಡಿರಬೇಕು, ಪಾಪ. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಕುಕ್ಕರಗಾಲಿನಲ್ಲಿ ಕೂತು, ಬಿದಿರಿಗೆ ಹೆಗಲು ಕೊಟ್ಟು, ನಾಲ್ವರೂ ಒಂದೇ ಸಲಕ್ಕೆ ಎದ್ದೆವು.

ಅಕ್ಕೋರು ಬಹಳ ಹಗುರವಾಗಿದ್ದರು. ಅವತ್ತು ಬೆಳಗಿನಿಂದ ತಡೆದಿದ್ದ ಅಳು ನನಗೆ ಬಂದದ್ದು ಹಾಗೆ ಎದ್ದು ನಿಂತ ಮೇಲೆ.